ಸಾಫ್ಟ್‌ವೇರಿಗೆ ಕಾಣದ ಹಳದಿ

"ಒಡೆದ ರೊಟ್ಟಿಗೂ ರೊಕ್ಕ ಹಿಡೀತೀರೇನ್ರಿ, ಮುಸರ್ರತ ಬಾಯಿ?"

ಔರಾದದ ಅಂಗಡಿಯ ಸಿದ್ದೇಶ್ವರ ಫೋನಿನಲ್ಲಿ ಹೀಗೆ ಕೇಳಿದಾಗ ಮುಸರ್ರತ ಪ್ಯಾಕೆಟ್ಟಿಗೆ ರೊಟ್ಟಿ ತುಂಬುತ್ತಿದ್ದಳು. ಬೀದರಿನ ಚಿದ್ರಿಯಲ್ಲಿ ಹನ್ನೆರಡು ಹೆಂಗಸರು ಸೇರಿ ನಡೆಸುವ ಸಂಘ ಅವರದು. ಜೋಳದ ಕಡಕ್ ರೊಟ್ಟಿ ಮಾಡಿ ಭಾಲ್ಕಿಗೂ ಔರಾದಕ್ಕೂ ಬಸ್ಸಿನಲ್ಲಿ ಕಳಿಸುತ್ತಾರೆ. ದಾರಿಯಲ್ಲಿ ಕುಲುಕಾಡಿ ಒಡೆದದ್ದನ್ನು ಅಂಗಡಿಯವರು ವಾಪಸ್ ಕಳಿಸುತ್ತಾರೆ. ಅದಕ್ಕೆ ಬಿಲ್ಲಿನಲ್ಲಿ ಹಣ ಹಿಡಿಯುವುದಿಲ್ಲ ಎಂದು ಮೊದಲ ದಿನವೇ ಆಡಿದ ಮಾತು.

"ವಾಪಸ್ ಬಂದಿದ್ದಕ್ಕ ನಾವು ಯಾವತ್ತೂ ಹಿಡಿದಿಲ್ಲಲ್ರಿ, ಅಣ್ಣಾರೆ."

"ನಿಮ್ಮ ಹೊಸಾ ಬಿಲ್ಲು ನೋಡ್ರಿ. ಮುನ್ನೂರ ನಲವತ್ತು ಪ್ಯಾಕೆಟ್ ಅಂತ ಅದ. ಅದರಾಗ ನಲವತ್ತಾರು ನಾ ವಾಪಸ್ ಕಳಿಸೇನಿ. ಬುಧವಾರದೊಳಗ ಸರಿ ಬಿಲ್ಲು ಬರ್ಲಿಲ್ಲಂದ್ರ ಮುಂದಿನ ಮಾಲು ಬ್ಯಾಡ್ರಿ."

ಸಂಘದ ಅರ್ಧ ಮಾಲು ಹೋಗುವುದು ಆ ಒಂದೇ ಅಂಗಡಿಗೆ. ಅದು ನಿಂತರೆ ಆರು ಒಲೆ ಆರಿದಂತೆ. ಮುಸರ್ರತ ಫೋನು ಕೆಳಗಿಟ್ಟಳು. ಒಲೆಯ ಮುಂದಿದ್ದ ಸಂಘದ ಹಿರಿಯಳು ಗುಂಡಮ್ಮ ಎಲ್ಲ ಕೇಳಿಸಿಕೊಂಡಿದ್ದಳು.

"ನಾ ಏನಂದಿದ್ದೆ? ಲೆಕ್ಕದ ವಹಿ ಇತ್ತು, ಪೆನ್ನಿತ್ತು. ಆಮ್ಯಾಲ ನಿನ್ನ ಕಂಪ್ಯೂಟರ್ ಹಾಳಿ ಬಂತು, ಅದೂ ಇರ್ಲಿ ಅಂದೆ. ಈಗ ಅದರಾಗಿಂದು ತಗದು ಇನ್ನೊಂದರಾಗ ಹಾಕೀದಿ. ಒಂದು ಡಬ್ಬಿ ಹಿಟ್ಟು ಇನ್ನೊಂದು ಡಬ್ಬಿಗಿ ಸುರುವಿದ್ರ ಜರಾ ಕೆಳಗ ಚೆಲ್ಲಂಗಿಲ್ಲೇನು?"

ಮೂರು ವರ್ಷದ ಹಿಂದೆ ಎಕ್ಸೆಲ್ ಕಲಿತು ಮುಸರ್ರತ ಆ ಲೆಕ್ಕದ ಹಾಳೆ ಮಾಡಿದ್ದಳು. ಅವಳ ಹೆಸರಿನಲ್ಲಿ ಹೊಲವಿಲ್ಲ, ಮನೆಯಿಲ್ಲ. ಆ ಹಾಳೆ ಮಾತ್ರ ತನ್ನದು ಎನಿಸುತ್ತಿತ್ತು. ಇನ್ನು ಮುಂದೆ ಬಿಲ್ಲನ್ನು ಲೆಕ್ಕದ ಸಾಫ್ಟ್‌ವೇರಿನಲ್ಲೇ ಮಾಡಬೇಕೆಂದು ಸಂಘದಲ್ಲಿ ತೀರ್ಮಾನವಾದ ಮೇಲೆ, ಹೋದ ವಾರ ಇಡೀ ತಿಂಗಳ ಹಾಳೆಯನ್ನು ಒಂದೇ ಸಲಕ್ಕೆ ಅದಕ್ಕೆ ಸಾಗಿಸಿದ್ದಳು. ಪರದೆಯ ಮೇಲೆ ಹಸಿರು ಗುರುತು ಬಂತು. ಆಯಿತು ಎಂದುಕೊಂಡಳು. ತಾಳೆ ನೋಡಲಿಲ್ಲ.

ಮಧ್ಯಾಹ್ನ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದಳು.

"ಎಲ್ಲಿಗಿ?" ಎಂದಳು ಗುಂಡಮ್ಮ.

"ಗಾಂಧಿ ಗಂಜಕ್ಕ, ಇರಮಳ ಹತ್ರ."

"ತಡಿ, ನಾನೂ ಬರ್ತೇನಿ. ಎಲ್ಲಿ ಚೆಲ್ಲ್ಯಾದ ನಾನೇ ನೋಡ್ತೇನಿ."

ಇರಮ ಚಿದ್ರಿಯ ಹುಡುಗಿಯೇ. ಗಂಜದಲ್ಲಿ ವ್ಯಾಪಾರಿಗಳ ಲೆಕ್ಕ ಬರೆಯುವ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಳು. ಹಾಳೆ ತೆರೆದು ಮೇಲಿಂದ ಕೆಳಗೆ ನೋಡಿದಳು.

"ಆಪಾ, ವಾಪಸ್ ಬಂದಿದ್ದು ಎಲ್ಲಿ ಬರದೀರಿ?"

"ಕಳಿಸಿದ್ದರಾಗ ಒಡೆದು ಬಂದಷ್ಟು ತಗದು ಬ್ಯಾರೆ ಸಾಲಿನಾಗ ಬರೀತೇನಿ, ಹಳದಿ ಹಚ್ಚತೇನಿ. ಹಳದಿ ಅಂದ್ರ ವಾಪಸ್. ಹಸಿರಂದ್ರ ರೊಕ್ಕ ಬಂತು."

"ಇದು ಯಾರಿಗಿ ಗೊತ್ತು?"

"ನನಗ."

"ಸಾಫ್ಟ್‌ವೇರಿಗಿ ಬಣ್ಣ ಕಾಣಂಗಿಲ್ಲ ಆಪಾ. ಅದು ಅಕ್ಷರ ತಗೋತದ, ಅಂಕಿ ತಗೋತದ. ನಿಮ್ಮ ಹಳದಿ ಇಲ್ಲೇ ಉಳೀತು, ಅಂಕಿ ಅಷ್ಟೇ ಹೋತು. ಹಂಗಾಗಿ ವಾಪಸ್ ಬಂದಿದ್ದೂ ಮಾರಿದಂಗಾತು."

ಗುಂಡಮ್ಮ ಕುರ್ಚಿಯಲ್ಲಿ ಮುಂದಕ್ಕೆ ಸರಿದಳು. "ಅದಕ್ಕೇ ಅಂದೆ, ವಹಿನೇ ಛಲೋ ಅಂತ."

"ಮೌಶಿ, ವಹಿಯೊಳಗ ನೀವು ಒಡೆದಿದ್ದರ ಮುಂದ ಏನು ಹಾಕ್ತಿದ್ರಿ?"

"ಒಂದು ಗೀಟು."

"ಆ ಗೀಟು ಅಂದ್ರೇನು ಅಂತ ಯಾರಿಗಿ ಗೊತ್ತಿತ್ತು?"

ಗುಂಡಮ್ಮ ಸೆರಗು ಬಾಯಿಗಿಟ್ಟು ನಕ್ಕಳು. "ನನಗ!"

ಮುಸರ್ರತ ನಗಲಿಲ್ಲ. ಅತ್ತೆಗೆ ಯಾವ ಹೊತ್ತಿಗೆ ಯಾವ ಗುಳಿಗೆ, ಮಗಳ ಫೀಸಿಗೆ ಯಾವ ತಾರೀಖು, ಯಾರ ಅಂಗಿಗೆ ಗುಂಡಿ ಹಚ್ಚಬೇಕು, ಎಲ್ಲವನ್ನೂ ಇಪ್ಪತ್ತು ವರ್ಷದಿಂದ ತಲೆಯಲ್ಲೇ ಇಟ್ಟುಕೊಂಡು ಬಂದವಳು ಅವಳು. ಹಾಳೆಯನ್ನೂ ಹಾಗೆಯೇ ನಡೆಸಿದ್ದಳು. ತಲೆಯಲ್ಲಿರುವುದು ಬೇರೆ ಯಾರಿಗೂ ಕಾಣುವುದಿಲ್ಲ ಎಂಬುದು ಅವಳಿಗೆ ಹೊಸದಲ್ಲ. ಅದನ್ನು ಬರೆದಿಡಬೇಕು ಎಂಬುದು ಹೊಸದು.

ಇರಮ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು. "ಕೊಡ್ರಿ, ಹತ್ತು ಮಿನಿಟಿನಾಗ ಮಾಡಿಕೊಡ್ತೇನಿ."

"ಬ್ಯಾಡ," ಮುಸರ್ರತ ಅದನ್ನು ಹಿಂದಕ್ಕೆ ಎಳೆದಳು. "ನೀ ಹೇಳು, ನಾ ಮಾಡ್ತೇನಿ. ಮುಂದಿನ ತಿಂಗಳ ಯಾರನ್ನ ಕರೀಲಿ?"

ಇರಮ ಹೇಳುತ್ತ ಹೋದಳು. ಮೊದಲು ಹಾಳೆಯದೂ ಸಾಫ್ಟ್‌ವೇರಿನದೂ ಒಂದೊಂದು ನಕಲು ತೆಗೆದಿಡಿ. ಏನೇ ಕೆಟ್ಟರೂ ಮೂಲ ಉಳಿಯುತ್ತದೆ. ಹೋದ ವಾರ ಹಾಕಿದ ತಪ್ಪು ಲೆಕ್ಕವನ್ನು ತೆಗೆಯಿರಿ, ಇಲ್ಲದಿದ್ದರೆ ಲೆಕ್ಕದಲ್ಲಿ ಮಾಲು ಎರಡೆರಡು ಸಲ ಬರುತ್ತದೆ. ಸಾಫ್ಟ್‌ವೇರು ಒಂದು ಮಾದರಿ ಹಾಳೆ ಕೊಡುತ್ತದೆ. ಅದರ ತಲೆಬರಹ ಹೇಗಿದೆಯೋ ನಿಮ್ಮದೂ ಹಾಗೇ ಇರಲಿ. ತಾರೀಖು ಎಲ್ಲ ಸಾಲಿನಲ್ಲೂ ದಿನ, ತಿಂಗಳು, ವರ್ಷ ಎಂದು ಒಂದೇ ಕ್ರಮದಲ್ಲಿರಲಿ.

ಮುಸರ್ರತ 'ವಾಪಸ್' ಎಂಬ ಹೊಸ ಕಾಲಂ ಹಾಕಿದಳು. ಒಂದೊಂದೇ ಹಳದಿ ಸಾಲಿನ ಅಂಕಿಯನ್ನು ಅದರೊಳಗೆ ತಂದಳು.

"ಎಲ್ಲಾ ಒಮ್ಮೆಲೆ ಕಳಿಸ್ಲೇನು?"

"ಬ್ಯಾಡ ಆಪಾ. ಮೊದಲ ಐದು ಸಾಲು. ಒಂದು ರೊಟ್ಟಿ ಸುಟ್ಟು ಹಂಚು ಕಾದದೋ ಇಲ್ಲೋ ನೋಡಂಗಿಲ್ಲೇನು?"

"ಇದು ಮಾತು!" ಎಂದಳು ಗುಂಡಮ್ಮ.

ಐದು ಸಾಲು ಸರಿಯಾಗಿ ಹೋದವು. ಆಮೇಲೆ ಉಳಿದವು. ಮತ್ತೆ ಹಸಿರು ಗುರುತು ಬಂತು. ಈ ಸಲ ಮುಸರ್ರತ ಅದನ್ನು ನಂಬಲಿಲ್ಲ. ಇರಮ ಹೇಳಿದಂತೆ ಸಾಫ್ಟ್‌ವೇರಿನ ಲೆಕ್ಕವನ್ನು ಮತ್ತೆ ಎಕ್ಸೆಲ್ ಹಾಳೆಗೆ ಇಳಿಸಿಕೊಂಡು, ತನ್ನ ಹಾಳೆಯ ಪಕ್ಕಕ್ಕಿಟ್ಟು ಔರಾದದ ಅಂಗಡಿಯ ಮೊತ್ತವನ್ನು ಓದಿದಳು. "ನನ್ನ ಹಾಳಿಯಾಗ ವಾಪಸ್ ನಲವತ್ತಾರು. ಇಲ್ಲಿ ಮೂವತ್ನಾಲ್ಕು."

"ಹನ್ನೆರಡು ಎಲ್ಲಿ ಹೋದ್ವು?" ಗುಂಡಮ್ಮ ಎದ್ದೇ ನಿಂತಳು. "ನೋಡು, ಚೆಲ್ಲ್ಯಾದ!"

ಬೆರಳು ಪರದೆಯ ಮೇಲಿಟ್ಟು, ಆ ಅಂಗಡಿಯ ಹೆಸರಿದ್ದ ಸಾಲು ಸಾಲು ಹಿಡಿದು, ಆಕೆಯೇ ಕೆಳಗಿಳಿದಳು. ಒಂದು ಸಾಲಿನಲ್ಲಿ ಬೆರಳು ನಿಂತಿತು. ಅಲ್ಲಿ ಬರೀ ಹನ್ನೆರಡು ಇರಲಿಲ್ಲ. '12 ಪೂರಾ ಪುಡಿ' ಎಂದಿತ್ತು. ಅಂಕಿಯ ಜಾಗದಲ್ಲಿ ಮಾತು ಸೇರಿದ್ದರಿಂದ ಸಾಫ್ಟ್‌ವೇರು ಆ ಅಂಕಿಯನ್ನು ಬಿಟ್ಟಿತ್ತು. ಮುಸರ್ರತ ಹನ್ನೆರಡನ್ನು ಅದರ ಜಾಗಕ್ಕೆ, ಮಾತನ್ನು ಪಕ್ಕದ ಷರಾ ಕಾಲಂಗೆ ಹಾಕಿದಳು. ಸಾಫ್ಟ್‌ವೇರಿನಲ್ಲೂ ಆ ಸಾಲನ್ನು ತಿದ್ದಿದಳು.

ನಲವತ್ತಾರು. ಇಲ್ಲೂ ನಲವತ್ತಾರು.

ಹಳೆಯ ಬಿಲ್ಲು ರದ್ದಾಗಿ, ಇನ್ನೂರ ತೊಂಬತ್ನಾಲ್ಕು ಪ್ಯಾಕೆಟ್ಟಿನ ಹೊಸ ಬಿಲ್ಲು ಅಂದೇ ಸಂಜೆ ಔರಾದಕ್ಕೆ ಹೋಯಿತು. ಸಿದ್ದೇಶ್ವರ ಫೋನು ಮಾಡಿದ.

"ತಪ್ಪು ನಂದೇ ಇತ್ರಿ, ಅಣ್ಣಾರೆ," ಎಂದಳು ಮುಸರ್ರತ. ಹಾಗೆ ಹೇಳುವಾಗ ಅವಳ ದನಿ ಕುಗ್ಗಲಿಲ್ಲ.

"ತಿದ್ದೀರಲ್ಲ, ಸಾಕ್ರಿ. ಗುರುವಾರ ನೂರು ಪ್ಯಾಕೆಟ್ ಹೆಚ್ಚಿಗಿ ಹಾಕ್ರಿ. ಜರಾ ಗಟ್ಟಿ ಡಬ್ಬಿದಾಗ ಹಾಕ್ರಿ ಮತ್ತ!"

ಗುಂಡಮ್ಮ ಮುಸರ್ರತಳ ಪಕ್ಕ ಬಂದು ಕುಳಿತಳು. "ಆ ಹಾಳಿಯಾಗಿನ ಹಸಿರು ಬಣ್ಣದ್ದೂ ಬರದು ಹಾಕು. ನೀ ತವರಿಗಿ ಹೋದಾಗ ನಾ ನೋಡ್ಬೇಕಲ್ಲ."

ಅಕ್ಕತಂಗಿಯರೇ, ನಿಮ್ಮ ಸಂಘದ ಹಾಳೆಯಲ್ಲೂ ನಿಮಗೆ ಮಾತ್ರ ತಿಳಿದ ಒಂದು ಬಣ್ಣ, ಒಂದು ಗೀಟು ಇದ್ದೇ ಇರುತ್ತದೆ. ಇಂದೇ ಅದನ್ನು ಅಕ್ಷರದಲ್ಲಿ ಬರೆಯಿರಿ. ಲೆಕ್ಕವನ್ನು ಹಾಳೆಯಿಂದ ಸಾಫ್ಟ್‌ವೇರಿಗಾಗಲಿ, ಸಾಫ್ಟ್‌ವೇರಿನಿಂದ ಹಾಳೆಗಾಗಲಿ ಸಾಗಿಸುವ ಮುನ್ನ ನಕಲು ತೆಗೆದಿಡಿ, ಐದು ಸಾಲು ಕಳಿಸಿ ನೋಡಿ. ಸಾಗಿಸಿದ ಮೇಲೆ ಎರಡೂ ಕಡೆಯ ಮೊತ್ತ ತಾಳೆಯಾಗುವವರೆಗೆ ಕುರ್ಚಿ ಬಿಟ್ಟು ಏಳಬೇಡಿ. ಪಕ್ಕದಲ್ಲಿ ಒಬ್ಬ ಗುಂಡಮ್ಮನನ್ನು ಕೂರಿಸಿಕೊಳ್ಳಿ. ನಂಬದೆ ನೋಡುವ ಕಣ್ಣು ಅಂಥ ಹೊತ್ತಿಗೆ ಬೇಕು.