ಓಡದ ಗಾಡಿಯ ಮೂರು ಸುತ್ತು

ಪರದೆ ಹೊಲಿಯುವವಳ ಹಳೆಯ ಸ್ಟೇಷನ್ ವ್ಯಾಗನ್ ಕೈಕೊಟ್ಟು ಮೂರು ವಾರವಾಗಿತ್ತು. ವಾಟರ್ ಪಂಪ್ ಸೋರಿ, ಇಂಜಿನ್ ಕೆಂಡವಾಗುತ್ತಿತ್ತು. ಮೆಕ್ಯಾನಿಕ್ ಬಗ್ಗಿ ನೋಡಿದವನೇ ಇದನ್ನು ಗುಜರಿಗೆ ಹಾಕಿ ಎಂದು ಕೈ ಒರೆಸಿಕೊಂಡು ಹೋಗಿದ್ದ. ಆಳುದ್ದದ ಪರದೆ ಕೋಲುಗಳು ಕಾಲು ಚಾಚಿ ಮಲಗುವಂಥ ಗಾಡಿ ಅವಳಿಗೆ ಇನ್ನೆಲ್ಲಿ ಸಿಗಬೇಕು?

ಅಷ್ಟರಲ್ಲಿ ಕಟ್ಟಡದ ಸಂಘದ ಅಧ್ಯಕ್ಷರು ಬಾಗಿಲಿಗೆ ನೋಟಿಸ್ ಅಂಟಿಸಿದರು. ಓಡದ ಗಾಡಿ ಅಂಗಳದಲ್ಲಿ ಇರಕೂಡದು, ಭಾನುವಾರ ಹತ್ತು ಗಂಟೆಗೆ ಎಳೆದೊಯ್ಯುವ ಲಾರಿ ಬರುತ್ತದೆ. ಅವಳು ಅದನ್ನು ಎರಡು ಸಲ ಓದಿದಳು, ಕಿತ್ತಳು, ತಾನೇ ರಿಪೇರಿಗಿಳಿದು ಬಿಚ್ಚಿದ್ದ ಬೋಲ್ಟುಗಳನ್ನು ಅದರಲ್ಲೇ ಪೊಟ್ಟಣ ಕಟ್ಟಿದಳು.

ಜೊತೆಗೆ ನಿಂತವರು ಅತ್ತೆ ಒಬ್ಬರೇ. ತುಕ್ಕು ಹಿಡಿದ ಕೊನೆಯ ಬೋಲ್ಟು ಜಪ್ಪಯ್ಯ ಅಂದರೂ ಅಲುಗದಿದ್ದಾಗ, ಅದಕ್ಕೆ ಎಣ್ಣೆ ಬಿಟ್ಟು, ಸೊಸೆಗೆ ಚಹಾ ಕೊಟ್ಟು, ಇಬ್ಬರೂ ಸ್ವಲ್ಪ ತಣ್ಣಗಾಗಲಿ ಎಂದರು. ಮತ್ತೆ ಸ್ಪ್ಯಾನರ್ ಹಾಕಿ ಜಗ್ಗಿದಾಗ ಅವಳ ಗೆಣ್ಣು ಸುಲಿಯಿತು, ಬೋಲ್ಟೂ ಬಂತು.

ಹಳೆಯ ಬಿಡಿಭಾಗದ ಅಂಗಡಿಯಲ್ಲಿ ಪಂಪ್ ಸಿಕ್ಕಿತ್ತು, ನೀರು ಸೋರದಂತೆ ಅದರಡಿಗೆ ಕೂರುವ ಗ್ಯಾಸ್ಕೆಟ್ ಸಿಕ್ಕಿರಲಿಲ್ಲ. ಅವಳು ದಪ್ಪ ಗ್ಯಾಸ್ಕೆಟ್ ಹಾಳೆ ತಂದು, ಪಂಪನ್ನು ಅದರ ಮೇಲೆ ಬೋರಲು ಹಾಕಿ, ಸುತ್ತಲೂ ಚಾಕ್‌ಪೀಸಿನಿಂದ ಗೀಟೆಳೆದು, ಬಟ್ಟೆಯ ಕತ್ತರಿಯಲ್ಲೇ ಕತ್ತರಿಸಿದಳು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಾಗಲಿಲ್ಲ.

ಭಾನುವಾರ ಲಾರಿ ಹೇಳಿದ ಹೊತ್ತಿಗೇ ಬಂತು, ಹಿಂದೆಯೇ ಇಸ್ತ್ರಿ ಅಂಗಿಯ ಅಧ್ಯಕ್ಷರು. ಅವಳು ರೇಡಿಯೇಟರಿಗೆ ನೀರು ತುಂಬುತ್ತಿದ್ದಳು. ಚಾಲಕ ಸರಪಳಿ ಬಿಚ್ಚತೊಡಗಿದ. ಅತ್ತೆ ಮೊಣಕಾಲು ಹಿಡಿದುಕೊಂಡೇ ಹೋಗಿ ವ್ಯಾಗನ್ನಿನ ಮುಂದೆ ಕುರ್ಚಿ ಹಾಕಿ ಕೂತರು.

"ಏಳಿ ಅಮ್ಮಾ, ನಿಯಮ ಅಂದ್ರೆ ನಿಯಮ," ಎಂದರು ಅಧ್ಯಕ್ಷರು.

"ನಿಯಮ ಓಡದ ಗಾಡಿಗೆ ತಾನೇ? ನೋಡ್ತಾ ಇರಿ," ಎಂದಳು ಸೊಸೆ.

ಕೀಲಿ ತಿರುವಿದಳು. ಇಂಜಿನ್ ಕೆಮ್ಮಿ ಸುಮ್ಮನಾಯಿತು. ಇನ್ನೊಮ್ಮೆ ತಿರುವಿದಾಗ ಶುರುವಾಯಿತು. ಅತ್ತೆ ನಿಧಾನವಾಗಿ ಎದ್ದು ಕುರ್ಚಿ ಸರಿಸಿದರು. ವ್ಯಾಗನ್ ಅಂಗಳವನ್ನು ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಕಾವಿನ ಮುಳ್ಳು ಅರ್ಧಕ್ಕೆ ಏರಿ ಅಲ್ಲೇ ನಿಂತಿತು. ಮೂರನೆಯ ಸುತ್ತು ಅವಳು ಬೇಕೆಂದೇ ಹಾಕಿದಳು, ಅಧ್ಯಕ್ಷರ ಪಕ್ಕದಲ್ಲೇ, ಕಿಟಕಿ ಇಳಿಸಿಕೊಂಡು.

ಲಾರಿಯವನು ನಗು ನುಂಗಿಕೊಂಡು ಸರಪಳಿ ಸುತ್ತಿದ. ಅಧ್ಯಕ್ಷರು ತಗ್ಗಿದ ದನಿಯಲ್ಲಿ, ಈಗಲಾದರೂ ಮಾರಿಬಿಡಿ, ಒಳ್ಳೆ ಬೆಲೆ ಬಂದೀತು ಎಂದು ಬುದ್ಧಿ ಹೇಳಿದರು.

"ಓಡೋ ಗಾಡೀನ ಯಾರಾದ್ರೂ ಮಾರ್ತಾರಾ ಸಾರ್?"

ಅವಳು ವ್ಯಾಗನ್ನನ್ನು ಅದೇ ಜಾಗಕ್ಕೆ ತಂದು ನಿಲ್ಲಿಸಿದಳು. ಆಮೇಲೆ, ಅವರು ನೋಡನೋಡುತ್ತಿದ್ದಂತೆಯೇ, ಮತ್ತೆ ಬಾನೆಟ್ ಎತ್ತಿದಳು. ಆಯಿಲ್ ಬದಲಾಯಿಸುವುದು ಇನ್ನೂ ಬಾಕಿಯಿತ್ತು.