ಎರಡನೆಯ ಸ್ಟೂಲು

ಅಂಗಡಿಯ ಬಾಗಿಲು ತೆರೆದರೆ ಗಡಿಯಾರದವನು ಮೊದಲು ಕೈ ಮುಗಿಯುತ್ತಿದ್ದ, ಆಮೇಲೆ ದೀಪ ಹಾಕುತ್ತಿದ್ದ. ಗೋಡೆ ತುಂಬ ರಿಪೇರಿಗೆ ಬಂದ ಗಡಿಯಾರಗಳು. ಒಂದೊಂದರದೂ ಒಂದೊಂದು ಹೊತ್ತು. ಇದರಲ್ಲಿ ಯಾವುದಯ್ಯಾ ಸರಿ ಎಂದು ಗಿರಾಕಿಗಳು ಕೇಳಿದರೆ, "ನನ್ನ ಹೊಟ್ಟೆನ ಕೇಳಿ, ಇಲ್ಲಿ ತಪ್ಪದೆ ನಡೆಯೋದು ಅದೊಂದೇ" ಎನ್ನುತ್ತಿದ್ದ. ಈಚೆಗೆ ಆ ತಮಾಷೆಯ ಹಿಂದೆ ಒಂದು ಗುಟ್ಟು ಸೇರಿಕೊಂಡಿತ್ತು. ಮುಳ್ಳುಗಳೇ ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

ಕಾಣುತ್ತಿದ್ದುದು ಮಗಳಿಗೆ. ಸಣ್ಣಗೆ ಉದ್ದಕ್ಕೆ ಬೆಳೆದಿದ್ದರಿಂದ ಎಲ್ಲರ ಬಾಯಲ್ಲೂ ಅವಳು ಕಡ್ಡಿ. ಶಾಲೆ ಬಿಟ್ಟ ಕೂಡಲೇ ಬಂದು ಅಪ್ಪನ ಪಕ್ಕದ ಎರಡನೆಯ ಸ್ಟೂಲಿನಲ್ಲಿ ಕೂತು, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು, ಚಿಮಟದಲ್ಲಿ ಕೂದಲೆಳೆಯಂಥ ಸ್ಪ್ರಿಂಗು ಹಿಡಿಯುತ್ತಿದ್ದಳು. ಗಿರಾಕಿ ಬಂದರೆ ಚಿಮಟ ಅಪ್ಪನ ಕೈಗೆ ಹೋಗುತ್ತಿತ್ತು. ಇದು ಯಾರೂ ಬಾಯಿಬಿಟ್ಟು ಹೇಳಿ ಮಾಡಿಕೊಂಡ ಏರ್ಪಾಡಲ್ಲ; ತಾನಾಗಿಯೇ ಆಗಿಹೋಗಿತ್ತು. ಆಸ್ಪತ್ರೆಯ ಬಟ್ಟೆ ಒಗೆಯಲು ಹೋಗುವ ತಾಯಿಗೂ ಪೂರ್ತಿ ಗೊತ್ತಿರಲಿಲ್ಲ.

ಹೀಗಿರುವಾಗ ಕಡ್ಡಿ ಊರಿನ ಆಚೆ ತುದಿಯ ಸರ್ಕಾರಿ ಪ್ರೌಢಶಾಲೆಗೆ ಪ್ರವೇಶ ಪರೀಕ್ಷೆ ಬರೆದಳು. ಜಾಣ ಮಕ್ಕಳನ್ನು ಆರಿಸಿ ತೆಗೆದುಕೊಳ್ಳುವ ಶಾಲೆ ಅದು. ಬೆಳಕು ಹರಿಯುವ ಮುಂಚೆ ಬಸ್ಸು ಹತ್ತಿದರೆ ಮನೆ ಸೇರುವಾಗ ಕತ್ತಲೆ. ಪರೀಕ್ಷೆಯ ದಿನ ಗಡಿಯಾರದವನು ಎಂದಿನಂತೆ ಕೈ ಮುಗಿದ. ಮಗಳಿಗೆ ಒಳ್ಳೆಯದಾಗಲಿ ಎಂದು ತುಟಿ ಹೇಳಿತು. ಸೀಟು ಸಿಗದಿರಲಿ ಎಂದು ಮನಸ್ಸು ಹೇಳಿತು. ದೇವರಿಗೆ ಎರಡೂ ಕೇಳಿಸಿರಬೇಕು.

ಸೀಟು ಸಿಕ್ಕಿತು.

ತಾಯಿಯೂ ಮಗಳೂ ಶಾಲೆ ನೋಡಲು ಹೋದ ದಿನ ಅವನೊಬ್ಬನೇ ಅಂಗಡಿಯಲ್ಲಿದ್ದ. ಆಸ್ಪತ್ರೆಯ ನರ್ಸಮ್ಮನ ಕೈಗಡಿಯಾರವನ್ನು ಅಂದೇ ಕೊಡಬೇಕಿತ್ತು. ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವಾಗ ಒಂದು ಸ್ಕ್ರೂ ಉರುಳಿಹೋಯಿತು. ನೆಲವೆಲ್ಲ ಸವರಿದರೂ ಸಿಗಲಿಲ್ಲ. ಹಳೆಯ ಸ್ಕ್ರೂಗಳ ಡಬ್ಬಿಯೊಳಗೆ ಕೈಯಾಡಿಸಿ, ಬೆರಳಿಗೆ ಅಂಥದೇ ಅನ್ನಿಸಿದ್ದನ್ನು ಆರಿಸಿ ಬಿಗಿದ. ಕಿವಿಗೆ ಹಿಡಿದ. ನಡೆಯುತ್ತಿತ್ತು.

ಸಂಜೆ ಕಡ್ಡಿ ಅರಳಿದ ಮುಖ ಹೊತ್ತು ಬಂದಳು. ಅಲ್ಲಿ ಸೂಕ್ಷ್ಮದರ್ಶಕದೊಳಗೆ ಈರುಳ್ಳಿ ಸಿಪ್ಪೆ ನೋಡಿದಳಂತೆ. ಇಟ್ಟಿಗೆ ಗೋಡೆ ಕಟ್ಟಿದ ಹಾಗೆ ಕಂಡಿತಂತೆ. ಊಟ ಮುಗಿಯುವವರೆಗೂ ಅದೇ ಮಾತು.

ಮರುದಿನ ನರ್ಸಮ್ಮ ಸಿಟ್ಟಿನಿಂದ ಬಂದಳು. ರೋಗಿಯ ನಾಡಿ ಎಣಿಸುತ್ತಿರುವಾಗಲೇ ಸೆಕೆಂಡಿನ ಮುಳ್ಳು ನಿಂತುಬಿಟ್ಟಿತಂತೆ. "ಅದು ನಿಂತಿದ್ದು ನೋಡಿ ನನ್ನ ಎದೆನೇ ನಿಂತ ಹಾಗಾಯ್ತು" ಎಂದಳು. ಗಿರಾಕಿ ಎದುರಿಗಿದ್ದುದನ್ನೂ ಮರೆತು ಕಡ್ಡಿಯೇ ಗಡಿಯಾರ ಬಿಚ್ಚಿ ಕಣ್ಣಿಟ್ಟಳು. ಸ್ಕ್ರೂ ಒಂದು ಎಳೆ ಉದ್ದವಾಗಿತ್ತು. ತುದಿ ಕೆಳಗಿನ ಚಕ್ರಕ್ಕೆ ಉಜ್ಜುತ್ತಿತ್ತು. ಅವಳು ಅಪ್ಪನ ಕಡೆ ಒಂದು ಸಲ ನೋಡಿ, ತಲೆ ತಗ್ಗಿಸಿದಳು.

"ನಾನು ಹಾಕಿದ್ದು ಅಕ್ಕ. ತಪ್ಪಾಯ್ತು."

"ಮಕ್ಕಳ ಕೈಗೆ ಕೊಡ್ತೀರಲ್ಲ, ನಿಮಗೆ ಏನು ಹೇಳೋದು" ಎಂದು ನರ್ಸಮ್ಮ ಗಡಿಯಾರದವನನ್ನು ಬೈದಳು. ಅವನು ಸ್ಕ್ರೂ ಡಬ್ಬಿಯ ಮುಚ್ಚಳ ಹಾಕಿದ.

ಆ ಸಂಜೆ ಕಡ್ಡಿ, ಆ ಶಾಲೆ ತನಗೆ ಬೇಡ, ಅಲ್ಲಿ ಪರಿಚಯದವರು ಯಾರೂ ಇಲ್ಲ ಎಂದಳು. ತಾಯಿ ರೇಗಿದಳು, ಗೋಗರೆದಳು, ಕೊನೆಗೆ ಅತ್ತಳು. ಮಗುವಿಗೆ ಮನಸ್ಸಿಲ್ಲದ ಮೇಲೆ ಬಲವಂತ ಯಾಕೆ ಎಂದು ಅವನು ತಿಳಿದವರ ಧಾಟಿಯಲ್ಲಿ ಹೇಳಿದ. ಕೇಳಿದ್ದು ಕೈಗೂಡಿತ್ತು. ಆದರೂ ಮರುದಿನ ಅಂಗಡಿ ತೆರೆದಾಗ ಅವನು ಕೈ ಮುಗಿಯದೆ ದೀಪ ಹಾಕಿದ.

ಕೆಲವು ದಿನ ಕಳೆದು ಕಡ್ಡಿಯ ಈಗಿನ ಶಾಲೆಯ ಗಣಿತದ ಮೇಡಂ ಅಂಗಡಿಗೇ ಬಂದರು.

"ಅವಳಿಗೇ ಇಷ್ಟ ಇಲ್ಲ ಮೇಡಂ" ಎಂದ ಗಡಿಯಾರದವನು.

"ಇಷ್ಟ ಇಲ್ಲದೋಳು ಈರುಳ್ಳಿ ಸಿಪ್ಪೆ ಕಥೆನ ಇಡೀ ಕ್ಲಾಸಿಗೆ ಹೇಳ್ತಾಳಾ?"

"ದೂರ ನೋಡಿ. ಹೆಣ್ಣುಮಗು, ಕತ್ತಲಲ್ಲಿ ಬಸ್ಸು. ಅಲ್ಲಿಗೆ ಬರೋರೆಲ್ಲ ದೊಡ್ಡೋರ ಮಕ್ಕಳು. ಇವಳು ಒಂಟಿಯಾಗ್ತಾಳೆ."

"ಆಗ್ತಾಳೆ. ಕಷ್ಟ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಬೇಡ ಅಂದಿದ್ದು ಅದಕ್ಕೇನಾ?"

ಎರಡನೆಯ ಸ್ಟೂಲಿನಲ್ಲಿದ್ದವಳು ತಲೆ ಎತ್ತಲಿಲ್ಲ. ಮೇಡಂ ಎದ್ದು ಹೋದರು.

ಕಡ್ಡಿ ಕಣ್ಣಿನಿಂದ ಭೂತಗನ್ನಡಿ ತೆಗೆದಳು. ಅವನು ಅವಳ ಗಲ್ಲ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿದ. ಕಣ್ಣಿಗೆ ಮಸುಕಾದದ್ದು ಬೆರಳಿಗೆ ಸಿಕ್ಕಿತು: ಹುಬ್ಬಿನ ಕೆಳಗೆ ಭೂತಗನ್ನಡಿ ದುಂಡಗೆ ಕೊರೆದ ಗುರುತು. ಅಂಥದೇ ಗುರುತು ಅವನ ಹುಬ್ಬಿನಡಿಯಲ್ಲೂ ಇತ್ತು. ಇದೇ ವಯಸ್ಸಿನಲ್ಲಿ, ಇದೇ ಸ್ಟೂಲಿನ ಮೇಲೆ, ಅವನ ಅಪ್ಪ ಅವನನ್ನು ಕೂರಿಸಿದ್ದ. ಅವನನ್ನೂ ಯಾರೂ ಏನೂ ಕೇಳಿರಲಿಲ್ಲ.

ಬೆಳಿಗ್ಗೆ ಅಂಗಡಿ ತೆರೆಯದೆ ಬಸ್ಸು ಹತ್ತಿದ. ಮಗಳಿಗೆ ಮನಸ್ಸಿದೆ, ಬೇಡ ಅನ್ನುವ ಹಾಗೆ ಮಾಡಿದ್ದು ತಾನು ಎಂದು ಆ ಶಾಲೆಯ ಗುಮಾಸ್ತನ ಮುಂದೆ ನಿಂತು ಹೇಳಿದ. ಗುಮಾಸ್ತ ಒಳ್ಳೆಯವನೇ. ಆ ಜಾಗ ನಿನ್ನೆಯೇ ಕಾಯುತ್ತಿದ್ದ ಇನ್ನೊಂದು ಮಗುವಿಗೆ ಹೋಯಿತು ಎಂದ. ಮೇಲಿನ ತರಗತಿಗೆ ಮುಂದೆ ಒಂದಿಷ್ಟು ಸೀಟು ಬರುತ್ತವೆ, ಹೊಸದಾಗಿ ಪರೀಕ್ಷೆ ಬರೆಯಬೇಕು ಎಂದೂ ತಿಳಿಸಿದ. "ವರ್ಷವರ್ಷವೂ ಹೀಗೇ ಕೆಲವರು ಬೇಡ ಅಂತಾರೆ. ಇಷ್ಟ ಇಲ್ಲ ಅಂತಾರೆ. ನಾವೂ ಯಾಕೆ ಅಂತ ಕೇಳಲ್ಲ."

"ಕೇಳಿದ್ರೂ ಹೇಳ್ತಿರಲಿಲ್ಲ ಸ್ವಾಮಿ" ಎಂದು ಗಡಿಯಾರದವನು ಮೆಟ್ಟಿಲಿಳಿದ.

ಬರುವ ದಾರಿಯಲ್ಲಿ ಆಸ್ಪತ್ರೆಗೆ ಹೋಗಿ ನರ್ಸಮ್ಮನನ್ನು ಹೊರಗೆ ಕರೆಸಿ, ಆ ಸ್ಕ್ರೂ ಹಾಕಿದ್ದು ಮಗಳಲ್ಲ, ತಾನು ಎಂದ. ಅವಳು ಅವನ ಕಣ್ಣುಗಳನ್ನೇ ನೋಡಿದಳು.

ಮಧ್ಯಾಹ್ನವೆಲ್ಲ ರಿಪೇರಿಗೆ ಬಂದಿದ್ದ ಕೈಗಡಿಯಾರಗಳನ್ನು ಗಿರಾಕಿಗಳಿಗೆ ವಾಪಸು ಕೊಡುವುದರಲ್ಲೇ ಕಳೆಯಿತು. ಶಾಲೆ ಬಿಟ್ಟು ಬಂದ ಕಡ್ಡಿ ಬಾಗಿಲಲ್ಲೇ ನಿಂತಳು. ಎರಡನೆಯ ಸ್ಟೂಲು ಹೊರಗೆ, ಜಗಲಿಯ ಮೇಲಿತ್ತು.

"ಇನ್ಮೇಲೆ ಗೋಡೆ ಗಡಿಯಾರ, ಬೆಲ್ಟು, ಸೆಲ್ಲು, ಅಷ್ಟೇ" ಎಂದ ಅಪ್ಪ. "ಅದಕ್ಕೆ ನಾನೊಬ್ಬ ಸಾಕು. ಆ ಶಾಲೆಗೆ ಹೋಗಿದ್ದೆ ಕಣಮ್ಮ. ಸೀಟು ಹೋಯ್ತು. ಮೇಲಿನ ತರಗತಿಗೆ ಮುಂದೆ ಇನ್ನೊಂದು ಪರೀಕ್ಷೆ ಇದೆಯಂತೆ."

"ಈಗ ಹೋದ್ಯಾ ಅಪ್ಪ?"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಿನಗೆ ಸಿಗದೇ ಇರಲಿ ಅಂತ ನಾನೇ ದೇವರನ್ನ ಕೇಳಿದ್ದೆ" ಎಂದ.

ಅವಳು ಒಳಗೆ ಬಾರದೆ, ಮನೆಗೂ ಹೋಗದೆ, ಹೊರಗಿನ ಸ್ಟೂಲಿನ ಮೇಲೆ ಅಪ್ಪನಿಗೆ ಬೆನ್ನು ಹಾಕಿ ಕೂತಳು. ಚೀಲ ಬಿಚ್ಚಿದ ಸದ್ದಾಯಿತು. ಅಷ್ಟು ದೂರದಿಂದ ಅವಳು ಏನು ಓದುತ್ತಿದ್ದಾಳೆಂದು ಅವನಿಗೆ ಕಾಣುವಂತಿರಲಿಲ್ಲ. ದೀಪವನ್ನು ಬಾಗಿಲ ಕಡೆ ತಿರುಗಿಸಿಟ್ಟು, ಅಷ್ಟೊಂದು ಗಡಿಯಾರಗಳ ಟಿಕ್‌ಟಿಕ್ ನಡುವೆ, ಹಾಳೆ ಮಗುಚುವ ಸದ್ದಿಗೆ ಕಿವಿಗೊಟ್ಟು ಕೂತ.