ಸೂಜಿಯ ಸರದಿ

ಹೆಣ ಮಲಗಿಸಲು ಜಾಗ ಮಾಡುತ್ತ ಯಾರೋ ಬೆಂಚು ಎಳೆದರು. ಅದರ ಮೂಲೆ ಹುಡುಗನ ಮೊಣಕಾಲಿಗೆ ಬಡಿಯಿತು. ಬೇರೆ ಮಕ್ಕಳಾಗಿದ್ದರೆ ಉಜ್ಜಿಕೊಂಡು ಸುಮ್ಮನಾಗುತ್ತಿದ್ದರು. ಇವನದು ಹುಟ್ಟಿನಿಂದಲೇ ರಕ್ತ ಹೆಪ್ಪುಗಟ್ಟದ ಮೈ. ಪೆಟ್ಟು ಬಿದ್ದರೆ ಕೀಲಿನೊಳಗೇ ಸೋರುತ್ತದೆ. ನೋಡನೋಡುತ್ತ ಮೊಣಕಾಲು ಊದಿಕೊಂಡಿತು.

"ಇಂಜೆಕ್ಷನ್ ಬೇಕು," ಅಂದ ಹುಡುಗ. ಇಷ್ಟು ವರ್ಷ ಅದನ್ನು ಅವನ ನರಕ್ಕೆ ಚುಚ್ಚುತ್ತಿದ್ದ ಅಮ್ಮ ಬಿಳಿ ಬಟ್ಟೆಯಡಿ ಮಲಗಿದ್ದಳು.

ಎಲ್ಲರ ಕಣ್ಣೂ ಅವನ ಅಕ್ಕನ ಕಡೆ, ಹದಿನೈದರ ಹುಡುಗಿಯ ಕಡೆ ತಿರುಗಿದವು. ಸತ್ತವಳ ತಂಗಿ, ಈ ಮಕ್ಕಳ ಚಿಕ್ಕಮ್ಮ, ಅದನ್ನು ಕಂಡಳು.

"ಅವಳಿಗೆ ಬರತ್ತಲ್ಲ," ಅಂದರು ಸತ್ತವಳ ಅತ್ತೆ. "ಇನ್ಮೇಲೆ ತಮ್ಮಂಗೆ ನೀನೇ ತಾಯಿ ಕಣೆ."

ಚಿಕ್ಕಮ್ಮನ ಮೈ ಉರಿಯಿತು. ಹೆಣ ಇನ್ನೂ ಮನೆಯಲ್ಲಿದೆ, ಆಗಲೇ ಹೊಸ ಆಳು ಗೊತ್ತುಮಾಡಿಬಿಟ್ಟಿದ್ದಾರೆ.

*

ಹೋದ ತಿಂಗಳು ಚಿಕ್ಕಮ್ಮ ಬಂದಿದ್ದಾಗ ಅವಳ ಅಕ್ಕ ಇದೇ ಮನೆಯಲ್ಲಿ ತಟ್ಟೆಯ ಮುಂದೆ ಕೂತಲ್ಲೇ ತೂಕಡಿಸಿದ್ದಳು.

"ಎದೆ ಹಿಡ್ಕೊಳ್ಳತ್ತೆ. ಡಾಕ್ಟರ್ ಹತ್ರ ಹೋಗೋಕೆ ಇವನ್ನ ಯಾರ ಕೈಗೆ ಬಿಡ್ಲಿ? ರೀ, ನೀವೊಬ್ರು ಸೂಜಿ ಹಾಕೋದು ಕಲ್ತ್ರೆ ನಾನೊಂದು ದಿನ ಹೊದ್ದು ಮಲಗ್ತೀನಿ."

ಭಾವ, ಈ ಮಕ್ಕಳ ಅಪ್ಪ, ವಾಚ್ ರಿಪೇರಿಯವನು. ಕಣ್ಣಿಗೆ ಕಾಣದ ಸ್ಕ್ರೂ ಕೂರಿಸುವ ಕೈಯನ್ನು ಎತ್ತಿ ತೋರಿಸಿ, "ನಂಗೆ ಕೈ ನಡುಗತ್ತೆ ಕಣೆ," ಎಂದಿದ್ದ.

"ಕಾಯಿಲೆ ಬಂದಿದ್ದು ತಾಯಿ ಕಡೆಯಿಂದ, ತಾಯೇ ನೋಡ್ಕೋಬೇಕು," ಎಂದು ಅತ್ತೆ ಒಗ್ಗರಣೆ ಹಾಕಿದ್ದರು.

ಅಕ್ಕ ಸುಮ್ಮನೆ ನಕ್ಕಿದ್ದಳು. ಜಗಳವಾಡಲೂ ಅವಳಲ್ಲಿ ತ್ರಾಣವಿರಲಿಲ್ಲ.

*

ಹುಡುಗಿ ಔಷಧಿಯ ಡಬ್ಬಿ ತಂದಳು. ಅತ್ತು, ನಿದ್ದೆಗೆಟ್ಟು ಅವಳಿಗೆ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಚಿಕ್ಕಮ್ಮ ಡಬ್ಬಿ ಕಿತ್ತುಕೊಂಡು ಭಾವನ ತೊಡೆಯ ಮೇಲಿಟ್ಟಳು.

"ನೀವು ಹಾಕಿ."

"ಇಂಥ ದಿನ ನನ್ನಿಂದ..."

"ನಿಮ್ಗೆ ಹೆಂಡ್ತಿ ಸತ್ರೆ ಅವಳಿಗೆ ಅಮ್ಮ ಸತ್ತಿದಾಳೆ. ಕೈ ತೊಳ್ಕೊಂಡು ಬನ್ನಿ."

"ಹೆಣದ ಮುಂದೆ ಜಗಳ ಯಾಕಮ್ಮ?" ಅಂದರು ಅತ್ತೆ.

"ಬದುಕಿದ್ದಾಗ ಯಾರೂ ಆಡ್ಲಿಲ್ಲ, ಅದಕ್ಕೆ."

ಭಾವ ಎದ್ದು ಕೈ ತೊಳೆದು ಬಂದ. ಹುಡುಗ ಹೇಳಿಕೊಟ್ಟಂತೆ ಅಪ್ಪ ಔಷಧಿ ಬೆರೆಸಿದ. ಹುಡುಗ ತೋಳು ಚಾಚಿದ.

"ಪಟ್ಟಿ ಬಿಗಿ ಮಾಡಪ್ಪ. ಹಸಿರಾಗಿ ಕಾಣತ್ತಲ್ಲ, ಅದೇ ನರ. ಮೆಲ್ಲಗೆ."

ಮೊದಲ ಸಲ ತಪ್ಪಿತು. ಎರಡನೆಯ ಸಲ ಸೂಜಿ ನರ ಹೊಕ್ಕು ಕೊಳವೆಯಲ್ಲಿ ರಕ್ತ ಕಾಣಿಸಿತು. ಭಾವನ ಕೈ ಒಂದಿಷ್ಟೂ ನಡುಗಲಿಲ್ಲ. ಅದನ್ನು ಕಂಡು ಸಮಾಧಾನವಾಗುವ ಬದಲು ಚಿಕ್ಕಮ್ಮನಿಗೆ ಸಿಟ್ಟು ನೆತ್ತಿಗೇರಿತು. ಇಷ್ಟೇ ಇಷ್ಟಕ್ಕೆ ಅಕ್ಕ ಹೋದಳು.

ಹೊರಗೆ ಹೆಣ ಒಯ್ಯುವ ವ್ಯಾನ್ ಬಂದು ಹಾರ್ನ್ ಹೊಡೆಯಿತು.

"ಹೊತ್ತಾಯ್ತು. ಮಗಳನ್ನ ಕರೀರಿ, ಕೊನೇ ಸಲ ಮುಖ ನೋಡ್ಲಿ," ಅಂದರು ಅತ್ತೆ.

ಹುಡುಗಿ ಅಮ್ಮನ ಕಾಲ ಬಳಿ ಗೋಡೆಗೊರಗಿ, ಬಾಯಿ ತೆರೆದು ಗಾಢ ನಿದ್ದೆಯಲ್ಲಿದ್ದಳು. ಎಬ್ಬಿಸಲು ಚಾಚಿದ ಅತ್ತೆಯ ಕೈಯನ್ನು ಚಿಕ್ಕಮ್ಮ ಗಟ್ಟಿಯಾಗಿ ಹಿಡಿದಳು.

"ಕಾಯ್ಲಿ."

ಡ್ರೈವರ್ ಒಳಗೆ ಇಣುಕಿ ನೋಡಿದ. ವಾಪಸ್ ಹೋಗಿ ಇಂಜಿನ್ ಆರಿಸಿದ.